ಆರು ಗಿಡಕ್ಕೆ ಆರು ಹಸಿ ಕೋಲು

ಬೆನ್ನಿನ ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಮೈಸೂರಿನ ಡಾಕ್ಟರು ಮೂರು ಮಾತು ಹೇಳಿದ್ದರು. ಬಗ್ಗಬಾರದು, ಭಾರ ಎತ್ತಬಾರದು, ಕಾಫಿ ಕೊಯ್ಲಿನ ಪಿಕ್ಕಿಂಗ್ ಮುಗಿಯುವವರೆಗೆ ತೋಟದ ಜೀಪು ಹತ್ತಬಾರದು. ಮೂರನೆಯದನ್ನು ಅವರಾಗಿ ಹೇಳಲಿಲ್ಲ, ನನ್ನ ಹೆಂಡತಿ ಕೇಳಿ ಹೇಳಿಸಿದಳು. ನಾನು ಅಲ್ಲೇ ಪಕ್ಕದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬೊಂಬೆಯ ಹಾಗೆ ನಿಂತಿದ್ದೆ.

ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಮೂವತ್ತು ವರ್ಷದಿಂದ ರೈಟರ್. ಹೆಸರು ರೈಟರ್ ಅಂತಿದ್ದರೂ ಬರೆಯುವುದು ಸಂಜೆ ಅರ್ಧ ಗಂಟೆ ಮಾತ್ರ. ಮಿಕ್ಕ ಹೊತ್ತೆಲ್ಲ ತೋಟದ ಒಂದು ಬ್ಲಾಕಿನಿಂದ ಇನ್ನೊಂದು ಬ್ಲಾಕಿಗೆ ನಡೆಯುವುದು, ಕೆಲಸದವರನ್ನು ಕೂಗುವುದು, ಕೂಗಿದ್ದು ಸಾಲದೆ ನಾನೇ ಕತ್ತಿ ಹಿಡಿದು ತೋರಿಸುವುದು. ಆ ವರ್ಷ ಮಳೆಗಾಲದಲ್ಲಿ ಒಂದು ಚರಂಡಿ ದಾಟುವಾಗ ಕಾಲು ಜಾರಿತು. ಮೂವತ್ತು ವರ್ಷದಲ್ಲಿ ಸಾವಿರ ಸಲ ದಾಟಿದ ಚರಂಡಿ ಅದು. ಬಿದ್ದವನನ್ನು ನಾಲ್ಕು ಜನ ಎತ್ತಿ ತಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ನನ್ನ ಅವಸ್ಥೆ ಬಾಲ ಸುಟ್ಟ ಬೆಕ್ಕಿನದು. ಬೆಳಿಗ್ಗೆ ಏಳೂವರೆಗೆ ಕೆಲಸದವರ ಜೀಪು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಅದರ ಸದ್ದು ಕೇಳಿದರೆ ಸಾಕು, ಎದ್ದು ಗೇಟಿಗೆ ಬರುತ್ತಿದ್ದೆ. ಜೀಪು ಹೋದ ಮೇಲೆ ಒಳಗೆ ಬರುತ್ತಿದ್ದೆ. ಟಿವಿ ಹಾಕಿ ಆರಿಸುತ್ತಿದ್ದೆ. ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬದ ಜಾಗದಲ್ಲಿ ಜೀರಿಗೆ ಡಬ್ಬ ಇಟ್ಟು ಬಂದು ಬೈಸಿಕೊಳ್ಳುತ್ತಿದ್ದೆ. ಒಂದು ದಿನ ಚೆನ್ನಾಗಿಯೇ ಇದ್ದ ಬಾಗಿಲ ಚಿಲಕವನ್ನು ಬಿಚ್ಚಿ ಮತ್ತೆ ಕೂರಿಸಲು ಹೋದೆ, ಅದು ಇವತ್ತಿಗೂ ಸರಿಯಾಗಿ ಬೀಳುವುದಿಲ್ಲ.

“ಕೆಲ್ಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ,” ಅಂದಳು ಹೆಂಡತಿ. “ನಮ್ ಪುಣ್ಯಕ್ಕೆ ಮನೇಲಿ ಮಕ್ಳಿಲ್ಲ.”

ಅವಳು ಕುಶಾಲನಗರದ ಕಡೆಯವಳು. ಅವಳ ಅಪ್ಪ ಹಾಸನದ ಸೀಮೆಯಿಂದ ಬಂದು ಅಲ್ಲಿ ಜಮೀನು ಮಾಡಿ ಟೊಮೇಟೊ ಬೆಳೆದವರು. ಅವಳ ಅಮ್ಮ ಬೀಜ ಕಾಪಿಟ್ಟವರು. ಸಣ್ಣಗೆ, ಸ್ವಲ್ಪ ಚಪ್ಪಟೆಯಾಗಿ, ಪಕ್ಕೆಗಳಲ್ಲಿ ಗೆರೆ ಬಿದ್ದಿರುವ, ನಾಲಿಗೆ ಚುರುಗುಟ್ಟುವಷ್ಟು ಹುಳಿಯ ನಾಟಿ ಹಣ್ಣು. ಮಕ್ಕಳೆಲ್ಲ ನರ್ಸರಿಯ ಹೈಬ್ರಿಡ್ ಸಸಿಗೆ ಹೋದ ಮೇಲೂ ಮುದುಕಿ ಮನೆಗೆಂದು ಹಿತ್ತಿಲಲ್ಲಿ ಅದನ್ನೇ ಬೆಳೆದು, ಬೀಜವನ್ನು ಬೂದಿಯಲ್ಲಿ ಒಣಗಿಸಿ, ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡಾಗ ಮಗಳು ತವರಿನಿಂದ ತಂದದ್ದು ಆ ಡಬ್ಬಿ ಮತ್ತು ಬೀಜ ಒಣಗಿಸುವ ಒಂದು ತುಂಡು ಬಟ್ಟೆ. ಕೊನೆಯ ಎರಡು ವರ್ಷ ಅಮ್ಮ ಹಾಸಿಗೆ ಹಿಡಿದಿದ್ದರಿಂದ ಹೊಸ ಬೀಜ ಇರಲಿಲ್ಲ. ಇದ್ದದ್ದು ಹಳೆಯದು. ಮಳೆ ಹಿಂದೆಗೆದ ಮೇಲೆ ಅಷ್ಟನ್ನೂ ಒಂದು ತಟ್ಟೆಯಲ್ಲಿ ಬಿತ್ತಿದಳು. ಮೊಳೆತದ್ದು ಆರು.

ಆ ಆರಕ್ಕಾಗಿ ಮನೆ ಮುಂದೆ ಪಾತಿ ಕಟ್ಟಿಸಿದಳು. ಮನೆ ಕಟ್ಟಿ ಉಳಿದ ಸಿಮೆಂಟ್ ಬ್ಲಾಕುಗಳನ್ನು ಮೂರು ವರಸೆ ಏರಿಸಿ, ಒಳಗೆ ಕೆಂಪು ಮಣ್ಣು, ಸಗಣಿ ಗೊಬ್ಬರ, ಕಾಫಿ ಸಿಪ್ಪೆ ತುಂಬಿದ ಪಾತಿ. ಮಂಚದಷ್ಟು ಉದ್ದ, ಮಂಚದಷ್ಟು ಅಗಲ. ನೀರು ನಿಲ್ಲಬಾರದು ಅಂತ ಎತ್ತರ ಮಾಡಿಸಿದ್ದು ಅಂದಳು. ನಾನು ಬಗ್ಗದೆ ನೀರು ಹಾಕಲಿ ಅಂತಲೂ ಹೌದು ಎಂದು ನನಗೆ ಗೊತ್ತಾಯಿತು. ಗೊತ್ತಾಗಿ ಸಿಟ್ಟು ಬಂತು. ಮುನ್ನೂರು ಎಕರೆ ನೋಡಿಕೊಂಡವನಿಗೆ ಒಂದು ಮಂಚ ಕೊಟ್ಟಿದ್ದಳು.

ನವೆಂಬರಿನಲ್ಲಿ ಅವಳ ಅಮ್ಮನ ವರ್ಷದ ತಿಥಿ ಬಂತು. ಬಸ್ಸಿನ ಕುಲುಕಾಟ ನನಗಾಗದು, ಆದ್ದರಿಂದ ಒಬ್ಬಳೇ ಹೊರಟಳು. ಮೂರು ದಿನ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು: “ಗಿಡಕ್ಕೆ ನೀರಷ್ಟೇ ಹಾಕಿ. ಇನ್ನೇನೂ ಮುಟ್ಬೇಡಿ. ಅದಕ್ಕೆ ಆಸರೆ ಕೋಲು ನಮ್ಮಣ್ಣನ ಮನೆಯಿಂದ ನಾನೇ ತರ್ತೀನಿ. ಕೇಳುಸ್ತಾ?”

ಕೇಳಿಸಿತ್ತು. ಆದರೆ ಅವಳು ಹೋದ ಮಧ್ಯಾಹ್ನವೇ ಗಾಳಿ ಬೀಸಿತು. ಮೊಳಕಾಲಿನೆತ್ತರ ಬಂದಿದ್ದ ಗಿಡಗಳು ಪಕ್ಕಕ್ಕೆ ವಾಲಿದವು. ಸಾಯುವಂಥದ್ದೇನೂ ಆಗಿರಲಿಲ್ಲ, ಈಗ ಯೋಚಿಸಿದರೆ ಹಾಗನ್ನಿಸುತ್ತದೆ. ಆಗ ಅನ್ನಿಸಿದ್ದು ಬೇರೆ. ಕೊನೆಗೂ ನನಗೊಂದು ಕೆಲಸ ಸಿಕ್ಕಿತ್ತು.

ತೋಟದವನಿಗೆ ಆಧಾರ ಅಂದರೆ ಒಂದೇ. ಮೆಣಸಿನ ಬಳ್ಳಿಗೆ ಹಾಲುವಾಣದ ಕೋಲು. ಹಸಿ ಕೊಂಬೆ ಕಡಿದು ಮಣ್ಣಿಗೆ ಹೂಳಿದರೆ ಅದು ಬೇರು ಬಿಟ್ಟು ಮರವಾಗುತ್ತದೆ, ಬಳ್ಳಿ ಅದನ್ನು ಹಿಡಿದು ಏರುತ್ತದೆ. ಒಣಕೋಲು ನೆಟ್ಟವನನ್ನು ನೋಡಿ ನಾವು ನಗುತ್ತೇವೆ. ಎರಡು ಮಳೆಗೆ ಕೊಳೆತು ಬೀಳುವ ಕೋಲನ್ನು ಯಾವ ಬುದ್ಧಿವಂತ ನೆಡುತ್ತಾನೆ? ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟ ಬಾಯಿ ನನ್ನದು. ಬೇಲಿಯಲ್ಲೊಂದು ಹಾಲುವಾಣವಿತ್ತು. ಕತ್ತಿ ಹುಡುಕಿದೆ. ಹೆಂಡತಿ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಹೆಬ್ಬೆರಳು ಗಾತ್ರದ ಆರು ಕೋಲು ಕಡಿದು, ಮುಳ್ಳು ಸವರಿ, ಪ್ರತಿ ಗಿಡದ ಬುಡಕ್ಕೆ ಒತ್ತಿ ಒಂದೊಂದು ಊರಿದೆ. ಕಾಫಿ ಚೀಲದಿಂದ ಪ್ಲಾಸ್ಟಿಕ್ ದಾರ ಎಳೆದು, ಗೆಣ್ಣು ಗೆಣ್ಣಿಗೂ ಬಿಗಿಯಾಗಿ ಕಟ್ಟಿದೆ. ಮೆಣಸಿನ ಬಳ್ಳಿಯನ್ನು ಹಾಗೇ ಕಟ್ಟಬೇಕು, ಕೋಲಿಗೆ ಅಂಟಿ ಕೂತರೇನೇ ಅದರ ಬೇರು ಹಿಡಿಯುವುದು. ಆ ರಾತ್ರಿ ಬೆನ್ನು ಸಿಡಿಯಿತು. ಆದರೂ ತಿಂಗಳುಗಳ ನಂತರ ಮೊದಲ ಸಲ ನನಗೆ ನಾನು ಇಷ್ಟವಾದೆ.

ಮೂರನೆಯ ದಿನ ಅವಳು ಬಂದಳು. ಕೈಯಲ್ಲಿ ತಿಥಿಯ ಪ್ರಸಾದ, ಬಗಲಲ್ಲಿ ಸೀರೆ ಅಂಚಿನಿಂದ ಕಟ್ಟಿದ ಒಣಗಿದ ಸರ್ವೆ ಕೋಲಿನ ಕಟ್ಟು. ಬಸ್ಸಿನಲ್ಲಿ ಅಷ್ಟುದ್ದದ ಕಟ್ಟನ್ನು ಹಿಡಿದುಕೊಂಡು, ಕಂಡಕ್ಟರನ ಬಾಯಿಗೆ ಬಿದ್ದು ಬಂದಿದ್ದಳು. ಗೇಟಿನಲ್ಲೇ ನಿಂತು ಪಾತಿ ನೋಡಿದಳು.

“ಏನಿದು?”

“ಗಾಳಿಗೆ ಬೀಳ್ತಾ ಇದ್ವು. ಕೋಲು ಕೊಟ್ಟೆ.”

“ಹಸೀ ಕೋಲು! ಟೊಮೇಟೊಗೆ ಹಸೀ ಕೋಲು ಊರ್ತಾರೇನ್ರೀ ಯಾರಾದ್ರೂ?”

“ಮೂವತ್ತು ವರ್ಷ ನಾನು ಕೋಲು ನೆಟ್ಟಿದ್ದೀನಿ. ನೀನು ಹೇಳ್ಕೊಡಬೇಡ.”

ಇದು ನಾನು ಹೇಳಿದ ಮಾತು, ಗಂಟಲೆತ್ತಿ ಹೇಳಿದ್ದು. ಅವಳು ಪಾತಿಯ ಹತ್ತಿರ ಬಂದು ಒಂದು ಕೋಲನ್ನು ಮೆಲ್ಲಗೆ ಅಲುಗಿಸಿದಳು, ಗಿಡದ ಬುಡವೂ ಜೊತೆಗೆ ಅಲುಗಿತು. ಕಿತ್ತರೆ ಬೇರು ಹರಿಯುತ್ತದೆ ಅಂತ ಇಬ್ಬರಿಗೂ ಗೊತ್ತಾಯಿತು. ಅವಳು ತಂದ ಕಟ್ಟನ್ನು ಬಚ್ಚಲಿನ ಗೋಡೆಗೆ ಒರಗಿಸಿದಳು. “ಇರೋದು ಆರೇ ಗಿಡ. ಹೋದ್ರೆ ಅಮ್ಮನ ಬೀಜ ಹೋಯ್ತು ಅಷ್ಟೇ,” ಅಂದು ಒಳಗೆ ಹೋದಳು.

ಡಿಸೆಂಬರ್ ಹೊತ್ತಿಗೆ ಪಿಕ್ಕಿಂಗ್ ಶುರುವಾಯಿತು. ಜೀಪು ದಿನಕ್ಕೆ ನಾಲ್ಕು ಸಲ ಓಡಾಡತೊಡಗಿತು. ನನ್ನ ಜಾಗಕ್ಕೆ ಬಂದಿದ್ದ ಹೊಸ ರೈಟರ್ ಮೊದಮೊದಲು ದಿನಾ ಫೋನ್ ಮಾಡಿ ಯಾವ ಬ್ಲಾಕು ಮೊದಲು, ಯಾವುದು ಆಮೇಲೆ ಎಂದು ಕೇಳುತ್ತಿದ್ದ. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಫೋನ್ ನಿಂತೇ ಹೋಯಿತು. ಸಿಗ್ನಲ್ ಇಲ್ಲವೇನೋ ಎಂದು ಫೋನ್ ಹಿಡಿದು ಟೆರೇಸ್ ಹತ್ತಿದೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಅದೇ ವಾರ ಕೋಲುಗಳು ಚಿಗುರಿದವು.

ಮೊದಲು ಕಂಡಾಗ ನನಗೆ ಹೆಮ್ಮೆಯೇ ಆಯಿತು ಎಂದರೆ ನಂಬಬೇಕು. ಒಂದೂ ತಪ್ಪದೆ ಆರೂ ಹಿಡಿದಿದ್ದವು. ತೋಟದಲ್ಲಾಗಿದ್ದರೆ ಮಾಲೀಕರನ್ನು ಕರೆದು ತೋರಿಸುತ್ತಿದ್ದೆ. ಆಮೇಲೆ ನಿಧಾನವಾಗಿ ತಲೆಗೆ ಹೋಯಿತು. ಕೋಲು ಚಿಗುರಿದೆ ಅಂದರೆ ಬೇರು ಬಿಟ್ಟಿದೆ. ಬೇರು ಬಿಟ್ಟಿದೆ ಅಂದರೆ, ಆ ಮಂಚದಷ್ಟು ಮಣ್ಣಿನಲ್ಲಿ, ಟೊಮೇಟೊ ಬುಡದಲ್ಲೇ ಕೂತು, ಅದರ ಗೊಬ್ಬರ ಉಣ್ಣುತ್ತಿದೆ. ಟೊಮೇಟೊದ ಕೆಳಗಿನ ಎಲೆಗಳು ಹಳದಿಯಾಗಿದ್ದು ಯಾಕೆಂದು ಗೊತ್ತಾಯಿತು.

ತಪ್ಪು ಒಪ್ಪಿಕೊಂಡು ಹೆಂಡತಿಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಮರುದಿನದಿಂದ ಅವಳು ಏಳುವ ಮೊದಲೇ ಎದ್ದು, ಮಂಜಿನಲ್ಲಿ ಹೊರಗೆ ಹೋಗಿ, ಚಿಗುರನ್ನೆಲ್ಲ ಉಜ್ಜಿ ಉದುರಿಸಿ, ಬೇಲಿಯಾಚೆ ಎಸೆದು, ಏನೂ ತಿಳಿಯದವನ ಹಾಗೆ ಬಂದು ಮಲಗುತ್ತಿದ್ದೆ. ಹಾಲುವಾಣ ಅಂಥ ಜಾತಿ, ಚಿಗುರಿನ ಒಂದು ಕಣ್ಣು ಉಜ್ಜಿದರೆ ಮೂರು ಕಣ್ಣು ಬಿಡುತ್ತದೆ. ಹಗಲಿನಲ್ಲೂ ಹೋಗಿ ನೋಡಬೇಕೆನ್ನಿಸುತ್ತಿತ್ತು. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದೆ. “ಪಾಪ, ಗಿಡದ ಮೇಲೆ ಎಷ್ಟು ಪ್ರೀತಿ ನಿಮ್ಗೆ,” ಅಂತ ಅವಳು ಒಂದು ದಿನ ಅಂದಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

ಗುಟ್ಟು ರಟ್ಟಾದದ್ದು ಸಂತೆಯ ದಿನ. ತೋಟದ ಕೆಲಸದವರ ಸಾಲುಮನೆ ಲೈನಿನಲ್ಲಿರುವ ಒಬ್ಬ ತಮಿಳು ಹೆಂಗಸು, ನನ್ನ ಕೈಕೆಳಗೆ ಇಪ್ಪತ್ತು ವರ್ಷ ಪಿಕ್ಕಿಂಗ್ ಮಾಡಿದವಳು, ಸಂತೆ ಮುಗಿಸಿ ನನ್ನನ್ನು ನೋಡಿಕೊಂಡು ಹೋಗಲು ಬಂದಳು. ಕಾಫಿ ಲೋಟ ಹಿಡಿದು ಅಂಗಳದಲ್ಲಿ ನಿಂತವಳ ಕಣ್ಣು ನೇರ ಪಾತಿಗೆ ಹೋಯಿತು. ಆ ಬೆಳಿಗ್ಗೆ ಒಂದು ಕೋಲಿನ ಹಿಂಭಾಗದ ಚಿಗುರು ನನ್ನ ಕೈತಪ್ಪಿತ್ತು.

“ಅಮ್ಮಾಡಿ! ರೈಟರ್ ಸಾರ್ ಮನೇಲೂ ಪೆಪ್ಪರ್ ತೋಟ ಮಾಡ್ಬುಟ್ರಾ?” ಎಂದು ಲೋಟ ಚೆಲ್ಲುವ ಹಾಗೆ ನಕ್ಕಳು. “ಕೋಲು ಒಳ್ಳೇ ಹಿಡ್ಕೊಂಡದೆ ಅಕ್ಕಾ, ನೋಡಿ. ಟೊಮೇಟೊನೇ ಪಾಪ ಸಾಯ್ತಾ ಅದೆ.”

ಹೆಂಡತಿ ಜಗಲಿಯಿಂದ ಕೆಳಗಿಳಿದು ಬಂದಳು. ಅಂಚಿನ ಗಿಡದ ತುದಿ ಜೋತುಬಿದ್ದಿತ್ತು. ಬಿಸಿಲಿಗೆ ಬಾಡಿದೆ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಅವಳು ಎಲೆ ಸರಿಸಿ ನಾನು ಕಟ್ಟಿದ ದಾರ ಹುಡುಕಿದಳು. ದಾರ ಕಾಣಲಿಲ್ಲ. ದಪ್ಪವಾಗುತ್ತ ಬಂದ ಕಾಂಡದೊಳಗೆ ಅದು ಇಳಿದುಹೋಗಿ, ಸುತ್ತ ಕಂದು ಗೆರೆ ಉಳಿದಿತ್ತು. ಅವಳು ಬೆರಳಿಂದ ಮುಟ್ಟಿದಷ್ಟಕ್ಕೇ ಗಿಡ ಆ ಗೆರೆಯಲ್ಲಿ ಮುರಿದು ಅವಳ ಕೈಗೆ ಬಂತು. ಪಕ್ಕದ್ದನ್ನು ನೋಡಿದಳು. ಅದರದ್ದೂ ಅದೇ ಗತಿಯಾಗಿತ್ತು.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ತಿರುಗಿ ಕೂಗಲು ನನ್ನ ಹತ್ತಿರ ಮಾತು ಸಿದ್ಧವಿತ್ತು. ಅವಳು ಪಾತಿಯ ಅಂಚಿನಲ್ಲಿ ಕೂತು ಮುರಿದ ಗಿಡವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅಮ್ಮ ಹೋದಾಗ ನೆಂಟರ ಊಟ ತಿಂಡಿ ನೋಡಿಕೊಳ್ಳುವುದರಲ್ಲಿ ಅವಳಿಗೆ ಅಳಲು ಬಿಡುವೇ ಆಗಿರಲಿಲ್ಲ. ನನಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲೈನಿನ ಹೆಂಗಸು ಲೋಟ ಕೆಳಗಿಟ್ಟು, ಅವಳ ಬೆನ್ನು ಸವರಿ, ನನ್ನ ಕಡೆ ನೋಡದೆ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಎದ್ದು ಮುಖ ತೊಳೆದುಕೊಂಡು ಬಂದಳು. ಗರಗಸ ತಂದು ಕೈಗೆ ಕೊಟ್ಟು, “ಕೀಳಬೇಡಿ. ಮಣ್ಣಿಗೆ ಸಮ ಕುಯ್ರಿ,” ಅಂದಳು. ಕುಯ್ದೆ. ಆರು ಕೋಲಿನಲ್ಲಿ ಎರಡು ಈಗ ಗಿಡವಿಲ್ಲದ ಕೋಲು. ಅವಳು ಕತ್ತರಿಯ ತುದಿಯಿಂದ ಉಳಿದ ನಾಲ್ಕು ಗಿಡದ ದಾರವನ್ನು ಒಂದೊಂದೇ ಬಿಡಿಸಿದಳು. ಬಚ್ಚಲ ಗೋಡೆಗೆ ಒರಗಿದ್ದ ಸರ್ವೆ ಕೋಲು ತಂದು, ಬುಡದಿಂದ ಒಂದು ಗೇಣು ದೂರಕ್ಕೆ ಊರಿದಳು. ನನ್ನದೊಂದು ಹಳೆಯ ಪಂಚೆಯನ್ನು ಉದ್ದುದ್ದ ಹರಿದಳು.

“ಬನ್ನಿ ಇಲ್ಲಿ. ಬೆರಳು ಇಡಿ.”

ಅರ್ಥವಾಗಲಿಲ್ಲ. ನನ್ನ ತೋರುಬೆರಳು ಹಿಡಿದು ಗಿಡದ ಕಾಂಡಕ್ಕೆ ತಾಗಿಸಿಟ್ಟಳು. ಬಟ್ಟೆಯನ್ನು ಕಾಂಡಕ್ಕೂ ಬೆರಳಿಗೂ ಸೇರಿಸಿ ಸುತ್ತಿ, ತಿರುಚಿ, ಆಮೇಲೆ ಕೋಲಿಗೆ ಗಂಟು ಹಾಕಿದಳು. “ಈಗ ತೆಗೀರಿ.” ಬೆರಳು ತೆಗೆದೆ. ಕಟ್ಟಿನೊಳಗೆ ಬೆರಳಷ್ಟು ಜಾಗ ಉಳಿಯಿತು.

“ನಮ್ಮಪ್ಪ ಕಟ್ಟೋವಾಗ ಅಮ್ಮ ಬೆರಳು ಇಡ್ತಿದ್ಲು. ಇಡೀ ಹೊಲಕ್ಕೆ,” ಅಂದಳು. “ಗಿಡ ದಪ್ಪ ಆಗಕ್ಕೆ ಜಾಗ ಬೇಕಲ್ವಾ? ಅಲ್ಲಾಡ್ಬೇಡಿ.”

ನಾಲ್ಕು ಗಿಡ, ಗಿಡಕ್ಕೆ ಮೂರು ಕಟ್ಟು. ಅಷ್ಟು ಹೊತ್ತು ನಾನು ಅಲ್ಲಾಡದೆ ನಿಂತೆ. ರಸ್ತೆಯಲ್ಲಿ ಜೀಪು ಹೋಯಿತು, ತಲೆ ಆ ಕಡೆ ತಿರುಗಿತು, ಬೆರಳು ಅಲ್ಲೇ ಇತ್ತು. ನನಗೆ ಕ್ಷಮಿಸು ಅನ್ನಲು ಬರುವುದಿಲ್ಲ. ಆವತ್ತು ಅಂದೆ. ಅವಳು ಗಂಟು ಹಾಕುತ್ತಲೇ “ಹ್ಞೂಂ” ಅಂದಳು, ಅಷ್ಟೇ.

ಕುಯ್ದ ಬುಡಗಳು ಮತ್ತೆ ಚಿಗುರುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಉಜ್ಜುತ್ತಿದ್ದೆ, ಈಗ ಕದ್ದು ಅಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು. ಆದರೆ ಗಡಿಬಿಡಿ ಹೋಗಿರಲಿಲ್ಲ. ಮೊದಲು ತೋಟಕ್ಕಾಗಿ ಒದ್ದಾಡುತ್ತಿದ್ದವನು ಈಗ ನಾಲ್ಕು ಗಿಡಕ್ಕಾಗಿ ಒದ್ದಾಡುತ್ತಿದ್ದೆ. ನಾಲ್ಕರಲ್ಲಿ ಒಂದು ಜನವರಿಯ ಚಳಿಗೆ ಎಲೆ ಚುಕ್ಕೆ ಬಂದು ಸತ್ತಿತು. ಇನ್ನೊಂದು ಬೆಳೆಯಿತು, ಹೂ ಬಿಟ್ಟಿತು, ಒಂದೂ ಕಾಯಾಗಲಿಲ್ಲ. ಉಳಿದ ಎರಡರಲ್ಲಿ ಕಾಯಿ ಕಂಡ ದಿನ ಹೆಂಡತಿ ನನ್ನನ್ನು ಕೂಗಿ ಕರೆದಳು, ನಾನು ಬೆನ್ನು ಮರೆತು ಓಡಿ ಬೈಸಿಕೊಂಡೆ.

ಹಣ್ಣು ಬಂತು. ಅದೇ ಸಣ್ಣದು, ಅದೇ ಚಪ್ಪಟೆ, ಅದೇ ಗೆರೆ. ಒಂದು ಹೊತ್ತಿನ ಸಾರಿಗಾಗುವಷ್ಟು ಕಿತ್ತಳು, ಹುಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಎರಡನೆಯ ಗೊಂಚಲಿನ ನಾಲ್ಕು ಒಳ್ಳೆಯ ಹಣ್ಣಿಗೆ ಕೆಂಪು ದಾರ ಕಟ್ಟಿ, ಬೀಜಕ್ಕೆ ಅಂದಳು. ಗಿಡದಲ್ಲೇ ಮೆತ್ತಗಾಗುವವರೆಗೆ ಬಿಡಬೇಕು. ಪಿಕಳಾರ ಹಕ್ಕಿಗಳು ಬೇಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದವು, ನಾನು ಅವನ್ನು ನೋಡುತ್ತಿದ್ದೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ಡಾಕ್ಟರು ಕೆಲಸಕ್ಕೆ ಹೋಗಬಹುದು ಅಂದರು. ಮ್ಯಾನೇಜರು ಸೋಮವಾರ ಬನ್ನಿ ಅಂದರು. ಎಷ್ಟು ತಿಂಗಳಿಂದ ಕಾದ ಮಾತು, ಕೇಳಿದಾಗ ಹಣ್ಣಿನ ಯೋಚನೆ ಬಂತು. ಅದೃಷ್ಟಕ್ಕೆ ಹಿಂದಿನ ವಾರವೇ ಹಣ್ಣು ಮಾಗಿತು. ಅವಳು ಹಿಂಡಿ, ಎರಡು ದಿನ ಲೋಟದಲ್ಲಿ ಹುಳಿ ಬರಲು ಬಿಟ್ಟು, ತೊಳೆದು, ಬೂದಿ ಹಚ್ಚಿ, ಭಾನುವಾರ ಮಧ್ಯಾಹ್ನ ಅಮ್ಮನ ಬಟ್ಟೆಯ ಮೇಲೆ ಹರಡಿದಳು. ಆ ಬಟ್ಟೆಯಲ್ಲಿ ಹಳೆಯ ಬೀಜಗಳು ಅಂಟಿ ಎದ್ದ ಗುರುತು ಇನ್ನೂ ಇತ್ತು. ಅದನ್ನು ಪಾತಿಯ ಬ್ಲಾಕಿನ ಮೇಲೆ, ನೆರಳು ಬಿಸಿಲಿನ ಜಾಗದಲ್ಲಿಟ್ಟಳು.

ಸೋಮವಾರ ನಾನು ತೋಟಕ್ಕೆ ಹೊರಡುವಾಗ ಹೇಳಿದಳು: “ಮಧ್ಯಾಹ್ನದ ಮೇಲೆ ನಂಗೆ ಸಂಘದ ಮೀಟಿಂಗ್ ಐತೆ. ನೀವು ನಾಕು ಗಂಟೆಗೆ ಬಂದು ಬಟ್ಟೆ ಒಳಗಿಡಿ. ಬೀಜ ಇನ್ನೂ ಹಸಿ, ಜಾರತ್ತೆ. ಹುಷಾರು.” ಇಷ್ಟೆಲ್ಲ ಆದ ಮೇಲೆ ಅದನ್ನು ನನ್ನ ಕೈಗೆ ಬಿಟ್ಟು ಹೋಗುತ್ತಿದ್ದಳು. ನಾನು ಆಗಲಿ ಅಂದೆ.

ತೋಟದಲ್ಲಿ ಆ ದಿನ ಎಲ್ಲರೂ ಆಕಾಶ ನೋಡುತ್ತಿದ್ದರು. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯುವ ಕಾಲ ಅದು. ಆ ಒಂದು ಮಳೆ ಸರಿಯಾಗಿ ಬಂದರೆ ವರ್ಷ ಗೆದ್ದ ಹಾಗೆ. ಮೂವತ್ತು ವರ್ಷ ನಾನೂ ಕತ್ತೆತ್ತಿ ಅದನ್ನೇ ಬೇಡಿದವನು. ಮೂರು ಗಂಟೆಗೆ ಬೆಟ್ಟದ ಕಡೆಯಿಂದ ಮೋಡ ಏರಿತು, ಗುಡುಗಿತು. ಮಾಲೀಕರು ಬಂಗಲೆಯಿಂದ ಹೊರಗೆ ಬಂದರು. ಲೈನಿನ ಹೆಂಗಸರು ಕೈ ಚಾಚಿ ನಿಂತರು. “ಬಂತು ಸಾರ್, ಬಂತು!” ಎಂದು ಆ ತಮಿಳು ಹೆಂಗಸು ನನ್ನ ಕಡೆ ತಿರುಗಿ ಕೂಗಿದಳು. ನಾನು ಆಗಲೇ ಗೇಟಿನ ಕಡೆ ಓಡುತ್ತಿದ್ದೆ. ಇನ್ನು ಒಂದು ಹತ್ತು ನಿಮಿಷ ತಡೆಯಪ್ಪ ಎಂದು ಬೇಡಿಕೊಳ್ಳುತ್ತಿದ್ದವನು ಆ ತೋಟದಲ್ಲಿ ನಾನೊಬ್ಬನೇ.

ಬೆನ್ನು ಕೂಗಿಕೊಂಡಿತು. ದಾರಿಯಲ್ಲಿ ಒಂದು ಆಟೋ ಸಿಕ್ಕಿತು. ಮನೆ ಗೇಟು ತಳ್ಳುವಾಗ ಮೊದಲ ದಪ್ಪ ಹನಿ ನನ್ನ ತಲೆಗೆ ಬಿತ್ತು. ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ಮಡಚಲು ಹೋದೆ, ಬೀಜ ಜಾರತೊಡಗಿತು. ಮಡಚದೆ, ಕೆಳಗಿನಿಂದ ಎರಡು ಕೈ ಹಾಸಿ, ಹಾಗೇ ಎತ್ತಿಕೊಂಡು, ಸರಿಯಾಗಿ ಬೀಳದ ಆ ಚಿಲಕದ ಬಾಗಿಲನ್ನು ಭುಜದಿಂದ ನೂಕಿ ಒಳಗೆ ಬಂದೆ. ಹಿಂದೆ ಮಳೆ ಹುಯ್ಯತೊಡಗಿತು.

ಬಟ್ಟೆ ಒದ್ದೆಯಾಗಿರಲಿಲ್ಲ. ಆದರೆ ಇಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಬೆಳಗಿನ ತಟ್ಟೆ ಲೋಟ, ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ. ನೆಲಕ್ಕೆ ಇಡೋಣವೆಂದರೆ ಬಗ್ಗಬೇಕು, ಬಗ್ಗಲು ಹೋದರೆ ಬೆನ್ನು ಹಿಡಿಯಿತು, ಬಟ್ಟೆ ವಾಲಿತು. ಮತ್ತೆ ನೆಟ್ಟಗಾದೆ. ಹೊರಗೆ ಎಲ್ಲೋ ದೂರದಲ್ಲಿ ಜನ ಖುಷಿಯಿಂದ ಕೂಗುವುದು ಕೇಳಿಸುತ್ತಿತ್ತು. ಕಿಟಕಿಗೆ ಹೋಗಿ ನೋಡುವ ಆಸೆಯಾಯಿತು. ಹೋಗಲಿಲ್ಲ. ಮೂಗು ಕಡಿಯಿತು, ಅದನ್ನೂ ಬಿಟ್ಟೆ.

ಮಳೆ ನಿಂತ ಮೇಲೆ ಅವಳು ಬಂದಳು. ಸೆರಗು ತಲೆಗೆ ಹೊದ್ದು, ಉಸಿರು ಕಟ್ಟಿಕೊಂಡು ಓಡಿಬಂದವಳು ನೇರ ಪಾತಿಯ ಹತ್ತಿರ ಹೋಗಿ ಖಾಲಿ ಬ್ಲಾಕು ನೋಡಿ, ಬಾಗಿಲಿಗೆ ಬಂದಳು. ನಡುಮನೆಯಲ್ಲಿ ಎರಡು ಕೈ ಚಾಚಿ ನಿಂತಿದ್ದ ನನ್ನನ್ನು ಕಂಡಳು.

“ಎಷ್ಟೊತ್ತಿಂದ ಹಿಂಗೇ ನಿಂತಿದ್ದೀರಿ?”

“ಮಳೆ ಶುರುವಾದಾಗಿಂದ.”

ಅವಳು ಹತ್ತಿರ ಬಂದು ನನ್ನ ಕೈಯ ಕೆಳಗೆ ತನ್ನ ಕೈ ಕೊಟ್ಟಳು. “ಬಿಡಿ, ಹಿಡ್ಕೊಂಡಿದ್ದೀನಿ,” ಅಂದಳು. ಅವಳು ಎರಡನೆಯ ಸಲ ಹೇಳುವವರೆಗೂ ನಾನು ಬಿಡಲಿಲ್ಲ.